ಹವಳದ ಹೊಟ್ಟೆ ತುಂಬಿಸುವ ಬೆಳಕು: ಮನೆಯ ರೀಫ್ ತೊಟ್ಟಿಗೆ ಎಲ್‌ಇಡಿ ಹೊಂದಿಸುವ ಬಗೆ

ಬಣ್ಣದ ಮೀನು ಸಾಕುವವರಿಗೆ ತೊಟ್ಟಿಯ ದೀಪ ಒಂದು ಅಲಂಕಾರ. ಮೀನು ಚೆನ್ನಾಗಿ ಕಂಡರೆ ಆಯಿತು, ದೀಪ ಯಾವುದಾದರೇನು? ಅದೇ ತೊಟ್ಟಿಗೆ ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಒಂದು ತುಂಡು ಹವಳ ತಂದಿಟ್ಟ ದಿನ, ಅಂದರೆ ಅದು ರೀಫ್ ತೊಟ್ಟಿಯಾದ ದಿನ, ಈ ಲೆಕ್ಕ ಬುಡಮೇಲಾಗುತ್ತದೆ. ಅಂದಿನಿಂದ ದೀಪವೇ ತೊಟ್ಟಿಯ ಅಡುಗೆಮನೆ.

ಹಿಂದೆ ಹವಳ ಸಾಕುವವರು ಮೆಟಲ್ ಹಾಲೈಡ್ ದೀಪವನ್ನೋ ಟಿ5 ಟ್ಯೂಬ್‌ಲೈಟನ್ನೋ ಹಾಕುತ್ತಿದ್ದರು. ಅವುಗಳಲ್ಲಿ ಹೆಚ್ಚಿನವಕ್ಕೆ ಗೊತ್ತಿದ್ದುದು ಎರಡೇ ಸ್ಥಿತಿ: ಪೂರ್ತಿ ಉರಿಯುವುದು, ಇಲ್ಲವೇ ಆರುವುದು. ಆಯ್ಕೆ ಇರಲಿಲ್ಲ, ಹಾಗಾಗಿ ಗೊಂದಲವೂ ಕಡಿಮೆ. ಆ ಕಾಲ ಮುಗಿಯುತ್ತ ಬಂದಿದೆ. ಪಾದರಸದ ಬಳಕೆ ತಗ್ಗಿಸುವ ಮಿನಮಾಟಾ ಒಪ್ಪಂದದ ದೇಶಗಳು 2023ರಲ್ಲಿ ಸೇರಿ, ಸಾಮಾನ್ಯ ಬೆಳಕಿಗೆ ಬಳಸುವ, ಪಾದರಸವಿರುವ ಟ್ಯೂಬ್‌ಲೈಟ್‌ಗಳ ತಯಾರಿಕೆ ಮತ್ತು ಆಮದು-ರಫ್ತನ್ನು 2027ರೊಳಗೆ ನಿಲ್ಲಿಸಲು ತೀರ್ಮಾನಿಸಿದವು. ಹೊಸದಾಗಿ ಹವಳ ಸಾಕಲು ಹೊರಟವರ ಕೈಗೆ ಈಗ ನೇರವಾಗಿ ಎಲ್‌ಇಡಿ ದೀಪವೇ ಬರುತ್ತದೆ. ಅದರ ಜೊತೆಗೆ ಫೋನಿನಲ್ಲೊಂದು ಆ್ಯಪ್, ಆ್ಯಪಿನಲ್ಲಿ ಆರೇಳು ಸ್ಲೈಡರ್: ನೇರಳೆ, ಕಡುನೀಲಿ, ನೀಲಿ, ಬಿಳಿ, ಹಸಿರು, ಕೆಂಪು. ಪ್ರತಿಯೊಂದೂ ಸೊನ್ನೆಯಿಂದ ನೂರರವರೆಗೆ ಓಡುತ್ತದೆ. ಯಾವುದನ್ನು ಎಷ್ಟಕ್ಕೆ ನಿಲ್ಲಿಸಬೇಕು ಎಂಬುದು ಮಾತ್ರ ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಬರೆಯುವುದು ಸಾಧ್ಯವೂ ಇಲ್ಲ. ಏಕೆಂದರೆ ಉತ್ತರ ಇರುವುದು ದೀಪದಲ್ಲಲ್ಲ, ಹವಳ ಕೂತಿರುವ ಜಾಗದಲ್ಲಿ.

ಹವಳಕ್ಕೆ ಬೆಳಕಿನ ಹಸಿವು ಏಕೆ

ಹವಳ ಕಲ್ಲಿನಂತೆ ಕಂಡರೂ, ಗಿಡದಂತೆ ಕೊಂಬೆಯೊಡೆದರೂ, ಅದು ಪ್ರಾಣಿ, ಲೋಳೆಮೀನಿನ ನೆಂಟ. ಒಂದೊಂದು ಹವಳದಲ್ಲೂ ಪಾಲಿಪ್ ಎಂಬ ಪುಟ್ಟ ಜೀವಿಗಳು ಒತ್ತೊತ್ತಾಗಿ ಬದುಕುತ್ತವೆ. ಅವಕ್ಕೆ ಬಾಯಿಯಿದೆ, ಬಾಯಿಯ ಸುತ್ತ ಎಳೆ ಎಳೆಯಾದ ಬಳುಕುವ ಕೈಗಳಿವೆ. ನೀರಿನಲ್ಲಿ ತೇಲಿಬಂದ ಸಣ್ಣ ಜೀವಿಗಳನ್ನು ಹಿಡಿದು ತಿನ್ನಬಲ್ಲವು. ಆದರೆ ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲ.

ತುಂಬಿಸುವುದು ಒಳಗಿರುವ ಒಕ್ಕಲು. ಪಾಲಿಪ್‌ನ ಜೀವಕೋಶಗಳೊಳಗೆ ಜೂಸಾಂಥೆಲೆ ಎಂಬ ಏಕಕೋಶದ ಪಾಚಿ ವಾಸವಾಗಿರುತ್ತದೆ. ಅದು ಬೆಳಕು ಹೀರಿ ಸಕ್ಕರೆ ತಯಾರಿಸುತ್ತದೆ, ತಯಾರಿಸಿದ್ದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಬಿಟ್ಟುಕೊಡುತ್ತದೆ. ಬದಲಿಗೆ ಹವಳ ಅದಕ್ಕೆ ನೆಲೆಯನ್ನೂ, ತನ್ನ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ, ತನ್ನ ಕಸದಲ್ಲಿರುವ ಸಾರಜನಕವನ್ನೂ ಕೊಡುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಆಳವಿಲ್ಲದ ಕಡಲಿನಲ್ಲಿ ಹವಳದ ದಿನದ ಶಕ್ತಿಯಲ್ಲಿ ಶೇ 90ರವರೆಗೂ ಈ ಪಾಚಿಯಿಂದಲೇ ಬರಬಹುದು. ಗಟ್ಟಿ ಹವಳ ತನ್ನ ಸುಣ್ಣದ ಅಸ್ಥಿಪಂಜರ ಕಟ್ಟುವುದೂ ಈ ಗಳಿಕೆಯಿಂದಲೇ. ಕಿತ್ತಳೆ ಬಣ್ಣದ ಸನ್ ಕೋರಲ್‌ನಂಥ ಕೆಲವು ಹವಳಗಳಲ್ಲಿ ಮಾತ್ರ ಈ ಪಾಚಿ ಇರುವುದಿಲ್ಲ. ಹೆಸರಿನಲ್ಲಿ ಸೂರ್ಯನಿದ್ದರೂ ಅವಕ್ಕೆ ಬೆಳಕು ಬೇಡ, ಕೈಯಾರೆ ಉಣಿಸಬೇಕು.

ಬೆಳಕು ಸಾಲದಿದ್ದರೆ ಹವಳ ನಿಧಾನವಾಗಿ ಸೊರಗುತ್ತದೆ. ಅತಿಯಾದರೆ ಅಪಾಯ ಬೇಗ ಬರುತ್ತದೆ. ಪಾಚಿ ತಾನು ಬಳಸಲಾಗದಷ್ಟು ಬೆಳಕು ಹೀರಿಕೊಂಡಾಗ ಜೀವಕೋಶದೊಳಗೆ ಆಮ್ಲಜನಕದ ಹಾನಿಕಾರಕ ರೂಪಗಳು ಹುಟ್ಟುತ್ತವೆ, ಪಾಚಿ ಹವಳದಿಂದ ಹೊರಬೀಳುತ್ತದೆ. ಬಣ್ಣ ಕೊಡುತ್ತಿದ್ದುದೇ ಹೋದ ಮೇಲೆ ಪಾರದರ್ಶಕ ಮಾಂಸದ ಅಡಿಯ ಬಿಳಿ ಅಸ್ಥಿ ಕಾಣತೊಡಗುತ್ತದೆ. ಹವಳ ಬಿಳಿಚುವುದು ಎಂದರೆ ಇದೇ. ಕಡಲಿನಲ್ಲಿ ಇದಕ್ಕೆ ಮುಖ್ಯ ಕಾರಣ ನೀರಿನ ಬಿಸಿ. ಬೆಳಕು ಅದರ ಜೊತೆ ಸೇರಿಕೊಳ್ಳುತ್ತದೆ. ಮನೆಯ ತೊಟ್ಟಿಯಲ್ಲಿ ನೀರಿನ ಉಷ್ಣತೆ ಸರಿಯಿದ್ದರೂ, ಏಕಾಏಕಿ ಏರಿಸಿದ ದೀಪವೊಂದೇ ಸಾಕು.

ನಮ್ಮ ಕಣ್ಣನ್ನು ನಂಬುವಂತಿಲ್ಲ

ದೀಪದ ಪೆಟ್ಟಿಗೆಯ ಮೇಲೆ ವ್ಯಾಟ್, ಲೂಮೆನ್, ಕೆಲ್ವಿನ್ ಎಂದೆಲ್ಲ ಬರೆದಿರುತ್ತದೆ. ವ್ಯಾಟ್ ಎಂದರೆ ದೀಪ ಎಳೆಯುವ ವಿದ್ಯುತ್ತು. ಎಷ್ಟು ಬೆಳಕು ಕೊಡುತ್ತದೆ ಎಂಬುದಲ್ಲ. ಕೆಲ್ವಿನ್ ಹೇಳುವುದು ಬೆಳಕಿನ ಬಣ್ಣದ ಛಾಯೆಯನ್ನು, ಪ್ರಮಾಣವನ್ನಲ್ಲ. ಲೂಮೆನ್ ಬೆಳಕಿನ ಅಳತೆಯೇ ಹೌದು, ಆದರೆ ಅದು ಮನುಷ್ಯನ ಕಣ್ಣಿಗೆ ಎಷ್ಟು ಪ್ರಖರ ಎಂಬ ಅಳತೆ. ನಮ್ಮ ಕಣ್ಣಿಗೆ ಹಸಿರು ಅತಿ ಸುಲಭವಾಗಿ ಕಾಣುತ್ತದೆ, ಕಡುನೀಲಿ ಬಹಳ ಕಷ್ಟ. ಬೆಳಕಿನ ಬಣ್ಣವನ್ನು ಅದರ ಅಲೆಯುದ್ದದಿಂದ, ನ್ಯಾನೋಮೀಟರ್‌ಗಳಲ್ಲಿ ಗುರುತಿಸುತ್ತಾರೆ. 555 ನ್ಯಾನೋಮೀಟರ್‌ನ ಹಸಿರನ್ನು ಕಣ್ಣು ಗ್ರಹಿಸುವುದಕ್ಕೆ ಹೋಲಿಸಿದರೆ, ಅಷ್ಟೇ ಶಕ್ತಿಯ 450 ನ್ಯಾನೋಮೀಟರ್‌ನ ಕಡುನೀಲಿ ನಮಗೆ ಸುಮಾರು 25ರಲ್ಲಿ ಒಂದು ಪಾಲಿನಷ್ಟು ಮಾತ್ರ ಕಾಣುತ್ತದೆ.

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ನೀಲಿ ಸ್ಲೈಡರ್ ಮೇಲೇರಿಸುತ್ತಾರೆ. ತೊಟ್ಟಿ ಇನ್ನೂ ಮಬ್ಬಾಗಿಯೇ ಕಾಣುತ್ತದೆ. ಇನ್ನಷ್ಟು ಏರಿಸುತ್ತಾರೆ. ಅಷ್ಟರಲ್ಲಿ ಹವಳದ ಪಾಲಿಗೆ ನಡುಹಗಲಾಗಿರುತ್ತದೆ.

ಹವಳದ ಲೆಕ್ಕದ ಅಳತೆಗೆ ಪಾರ್ ಎಂದು ಹೆಸರು. ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು 400ರಿಂದ 700 ನ್ಯಾನೋಮೀಟರ್‌ಗಳ ನಡುವಿನದು. ಬೆಳಕನ್ನು ಮಳೆ ಎಂದುಕೊಳ್ಳಿ. ಅಂಗಳದಲ್ಲಿಟ್ಟ ಮಳೆಮಾಪಕ ಮೋಡದ ಗಾತ್ರವನ್ನಾಗಲಿ ಗುಡುಗಿನ ಸದ್ದನ್ನಾಗಲಿ ಅಳೆಯುವುದಿಲ್ಲ. ತನ್ನೊಳಗೆ ಬಿದ್ದ ನೀರನ್ನಷ್ಟೇ ಅಳೆಯುತ್ತದೆ. ಪಾರ್ ಮೀಟರ್ ಕೂಡ ಹಾಗೆಯೇ, ತಾನಿರುವ ಜಾಗದಲ್ಲಿ ಸೆಕೆಂಡಿಗೆ ಎಷ್ಟು ಬೆಳಕಿನ ಕಣ ಬಿತ್ತು ಎಂದು ಎಣಿಸುತ್ತದೆ. ಕಣಗಳು ಎಣಿಕೆಗೆ ಮೀರಿದಷ್ಟು ಇರುವುದರಿಂದ ಅವನ್ನು ಮೈಕ್ರೋಮೋಲ್ ಎಂಬ ಕಟ್ಟುಗಳಲ್ಲಿ ಹೇಳುತ್ತಾರೆ. ಡಜನ್ ಎಂದರೆ 12 ಇದ್ದಂತೆ, ಒಂದು ಮೈಕ್ರೋಮೋಲ್ ಎಂದರೆ ಸುಮಾರು 6ರ ಮುಂದೆ 17 ಸೊನ್ನೆ ಹಾಕಿದಷ್ಟು ಕಣ. ‘ಈ ಕಲ್ಲಿನ ಮೇಲೆ 150 ಪಾರ್ ಇದೆ’ ಎಂದರೆ ಆ ಜಾಗದಲ್ಲಿ ಚದರ ಮೀಟರಿಗೆ, ಸೆಕೆಂಡಿಗೆ 150 ಮೈಕ್ರೋಮೋಲ್ ಬೀಳುತ್ತಿದೆ ಎಂದು ಅರ್ಥ. ನೆತ್ತಿಯ ಮೇಲಿನ ಸೂರ್ಯ ನೀರಿನ ಹೊರಗೆ ಸುಮಾರು 2000 ಕೊಡುತ್ತಾನೆ. ತೊಟ್ಟಿಗೆ ಅಷ್ಟು ಬೇಕಿಲ್ಲ, ಅದರ ಹತ್ತಿರಕ್ಕೂ ಹೋಗಬೇಕಿಲ್ಲ.

ನೀಲಿಯೇ ಏಕೆ ಹೆಚ್ಚು

ಕಡಲ ನೀರು ಕೆಂಪನ್ನು ಮೊದಲ ಕೆಲವೇ ಮೀಟರುಗಳಲ್ಲಿ ಹೆಚ್ಚುಕಡಿಮೆ ನುಂಗಿಬಿಡುತ್ತದೆ. ಆಳಕ್ಕೆ ಇಳಿಯುವುದು ನೀಲಿ. ಲಕ್ಷಾಂತರ ವರ್ಷ ಆ ನೀಲಿಯಲ್ಲೇ ಬದುಕಿದ ಪಾಚಿಯ ಬಣ್ಣದ್ರವ್ಯಗಳು ಅದನ್ನೇ ಚೆನ್ನಾಗಿ ಹೀರುತ್ತವೆ: 400ರಿಂದ 500 ನ್ಯಾನೋಮೀಟರ್‌ಗಳ ಪಟ್ಟಿ ಅವುಗಳ ಮುಖ್ಯ ಆಹಾರ. ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬದಿಗಿಡಬೇಕು. ‘ನೀಲಿಯಾದರೆ ತೊಟ್ಟಿಯ ತಳಕ್ಕೆ ಇಳಿಯುತ್ತದೆ, ಅದಕ್ಕೇ ನೀಲಿ’ ಎಂದು ಹೇಳುವವರಿದ್ದಾರೆ. ಅರ್ಧ ಮೀಟರ್ ನೀರು ಯಾವ ಬಣ್ಣವನ್ನೂ ಅಷ್ಟೇನೂ ತಡೆಯುವುದಿಲ್ಲ. ನೀಲಿ ಬೇಕಾಗಿರುವುದು ತೊಟ್ಟಿಯ ಆಳಕ್ಕಲ್ಲ, ಪಾಚಿಯ ಹಳೆಯ ಅಭ್ಯಾಸಕ್ಕೆ.

ಈಗ ಸ್ಲೈಡರ್‌ಗಳ ಕಡೆ ತಿರುಗೋಣ. ಪೆಟ್ಟಿಗೆಯ ಮೇಲೆ ರಾಯಲ್ ಬ್ಲೂ ಎಂದಿರುವ ಕಡುನೀಲಿ ಸುಮಾರು 450 ನ್ಯಾನೋಮೀಟರ್‌ನದು. ತೊಟ್ಟಿಯ ನಿಜವಾದ ದುಡಿಮೆಗಾರ ಇದೇ. ಬರೀ ಬ್ಲೂ ಎಂದಿದ್ದರೆ ಸುಮಾರು 470. ವಯೊಲೆಟ್ ಅಥವಾ ಯುವಿ ಎಂಬ ಹೆಸರಿನದು ಸಾಮಾನ್ಯವಾಗಿ 400ರಿಂದ 430ರ ಆಸುಪಾಸಿನ ನೇರಳೆ. ಕಣ್ಣಿಗೆ ತೀರ ಮಂದ, ಪಾಚಿಗೆ ಉಪಯುಕ್ತ.

ಬಿಳಿಯದು ಸ್ವಲ್ಪ ಮೋಸದ ಸ್ಲೈಡರ್. ಬಿಳಿ ಎಲ್‌ಇಡಿ ಎಂಬುದು ಬೇರೆ ಜಾತಿಯೇನಲ್ಲ, ಮೇಲೆ ಹಳದಿ ರಂಜಕದ ಲೇಪವಿರುವ ನೀಲಿ ಎಲ್‌ಇಡಿ. ನೀಲಿಯ ಒಂದು ಪಾಲು ಹಾಗೇ ಹೊರಬರುತ್ತದೆ, ಉಳಿದದ್ದು ಹಳದಿಯಾಗಿ ಬದಲಾಗುತ್ತದೆ, ಎರಡೂ ಬೆರೆತು ಬಿಳಿಯೆನಿಸುತ್ತದೆ. ಕೆಂಪು ಎಲ್‌ಇಡಿ 1960ರ ದಶಕದಲ್ಲೇ ಬಂದಿದ್ದರೂ ಪ್ರಖರವಾದ ನೀಲಿಗೆ 1990ರ ದಶಕದವರೆಗೂ ಕಾಯಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಮನೆಯ ಬಿಳಿ ಬಲ್ಬೂ ಹವಳದ ನೀಲಿ ದೀಪವೂ ಒಂದೇ ಶೋಧದ ಎರಡು ಕವಲು. ಬಿಳಿಯನ್ನು ಏರಿಸಿದಾಗ ತೊಟ್ಟಿ ತಟ್ಟನೆ ಬೆಳಗುತ್ತದೆ, ಪಾರ್ ಕೂಡ ಏರುತ್ತದೆ. ಹಾಗಾಗಿ ‘ನೋಡಲು ಚೆನ್ನಾಗಿರಲಿ’ ಎಂದು ಸ್ವಲ್ಪ ಬಿಳಿ ಸೇರಿಸುವಾಗ ನೀಲಿಯನ್ನು ಅಷ್ಟು ತಗ್ಗಿಸುವುದು ಒಳ್ಳೆಯದು.

ಹಸಿರು, ಕೆಂಪು ಇರುವುದು ಮುಖ್ಯವಾಗಿ ನೋಡುವವರಿಗಾಗಿ. ಮೀನಿನ ಕೆಂಪು ಬಣ್ಣ ಕೆಂಪು ಬೆಳಕಿಲ್ಲದೆ ಬೂದಿಯಂತೆ ಕಾಣುತ್ತದೆ. ನೂರಕ್ಕೆ ಐದರಷ್ಟಿದ್ದರೂ ಸಾಕು. ಶುರುವಿಗೆ ನಾನು ಹೇಳುವ ಹದ ಸರಳ: ನೇರಳೆ, ಕಡುನೀಲಿ, ನೀಲಿ ಮೂರೂ ಒಂದೇ ಮಟ್ಟದಲ್ಲಿ, ಬಿಳಿ ಅದರ ಕಾಲುಭಾಗದಿಂದ ಅರ್ಧದವರೆಗೆ, ಹಸಿರು-ಕೆಂಪು ಚಿಟಿಕೆಯಷ್ಟು. ಬಣ್ಣದ ಹದದಲ್ಲಿ ಹವಳಗಳು ಬಹಳ ಉದಾರಿಗಳು. ಅವು ಕ್ಷಮಿಸದಿರುವುದು ಪ್ರಮಾಣದ ತಪ್ಪನ್ನು.

ನೀಲಿಗೆ ಇನ್ನೊಂದು ಸೊಗಸಿದೆ. ಹಲವು ಹವಳಗಳ ಮೈಯಲ್ಲಿರುವ ಪ್ರೋಟೀನುಗಳು ನೀಲಿಯನ್ನು ನುಂಗಿ ಹಸಿರನ್ನೋ ಕಿತ್ತಳೆಯನ್ನೋ ಉಗುಳುತ್ತವೆ. ಸಂಜೆ ಬರೀ ನೀಲಿ ಉಳಿದಾಗ ತೊಟ್ಟಿಯಲ್ಲಿ ಕೆಂಡ ಚೆಲ್ಲಿದಂತೆ ಕಾಣುವುದು ಇದರಿಂದಲೇ. ಪ್ರಯೋಗಾಲಯಗಳಲ್ಲಿ ಜೀವಕೋಶಗಳಿಗೆ ಗುರುತು ಹಚ್ಚಲು ಬಳಸುವ ಹೆಸರಾಂತ ಕೆಂಪು ಪ್ರೋಟೀನನ್ನು 1999ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದು ಡಿಸ್ಕೋಸೋಮಾ ಹವಳದಿಂದ. ಹೊಸಬರ ತೊಟ್ಟಿಗೆ ಮೊದಲು ಬರುವ, ಅಣಬೆಯಂಥ ಆ ಹವಳವೇ ಅದು.

ಯಾವುದಕ್ಕೆ ಎಷ್ಟು

ಹವಳ ಸಾಕುವವರು ಮೂರು ಗುಂಪುಗಳ ಮಾತಾಡುತ್ತಾರೆ. ಅಸ್ಥಿಯಿಲ್ಲದ ಅಣಬೆ ಹವಳ, ಜೋಯಾಂಥಿಡ್, ಲೆದರ್ ಮೊದಲಾದ ಮೃದು ಹವಳಗಳಿಗೆ 50ರಿಂದ 150 ಪಾರ್ ಸಾಕಾಗುತ್ತದೆ; ಅಣಬೆ ಹವಳ 50ರಲ್ಲೇ ಹಾಯಾಗಿರುತ್ತದೆ. ದಪ್ಪ ಮಾಂಸದ ದೊಡ್ಡ ಪಾಲಿಪ್‌ಗಳ ಗಟ್ಟಿ ಹವಳಗಳಿಗೆ, ಅಂದರೆ ಎಲ್‌ಪಿಎಸ್ ಎನ್ನುವವಕ್ಕೆ, 75ರಿಂದ 150. ಆಕ್ರೋಪೋರಾದಂಥ ಸಣ್ಣ ಪಾಲಿಪ್‌ಗಳ ಗಟ್ಟಿ ಹವಳಗಳಾದ ಎಸ್‌ಪಿಎಸ್‌ಗಳಿಗೆ 200ರಿಂದ 350. ಇವು ಸಾಕುವವರ ಅನುಭವದಿಂದ ನೆಲೆಗೊಂಡ ಅಂದಾಜುಗಳು. 160 ಆದೊಡನೆ ಯಾವ ಹವಳವೂ ಸಾಯುವುದಿಲ್ಲ.

ಹಾಗಾಗಿ ಇಡೀ ತೊಟ್ಟಿಗೆ ಒಂದೇ ಅಂಕಿ ಹುಡುಕಬೇಕಿಲ್ಲ. ಮೇಲೆ ಬೆಳಕು ಹೆಚ್ಚು, ಕೆಳಗೆ ಕಡಿಮೆ. ಕಲ್ಲಿನ ನೆತ್ತಿಯಲ್ಲಿ 250 ಇದ್ದರೆ ಮರಳಿನ ಮೇಲೆ 80 ಇರಬಹುದು. ಆಕ್ರೋಪೋರಾ ನೆತ್ತಿಗೆ, ಎಲ್‌ಪಿಎಸ್ ನಡುವಿಗೆ, ಅಣಬೆ ಹವಳ ಕಲ್ಲಿನ ನೆರಳಿಗೆ. ದೀಪ ಕುಣಿಸುವುದಕ್ಕಿಂತ ಹವಳದ ಜಾಗ ಬದಲಿಸುವುದು ಎಷ್ಟೋ ಸಲ ಸುಲಭದ ದಾರಿ.

ದೀಪ ಎಲ್ಲಿ ತೂಗಬೇಕು

ಎಲ್‌ಇಡಿ ಚುಕ್ಕಿಯಂಥ ಮೂಲ. ಅದರ ಮೇಲಿನ ಲೆನ್ಸ್ ಬೆಳಕನ್ನು ಇಂತಿಷ್ಟು ಕೋನದಲ್ಲಿ ಹರಡುತ್ತದೆ. 60 ಡಿಗ್ರಿಯ ಲೆನ್ಸ್ ಟಾರ್ಚಿನಂತೆ ಒಂದೆಡೆ ಗುರಿಯಿಟ್ಟರೆ, 120 ಡಿಗ್ರಿಯದು ಅಗಲವಾಗಿ ಚೆಲ್ಲುತ್ತದೆ. ದೀಪವನ್ನು ನೀರಿಗೆ ಹತ್ತಿರ ತಂದರೆ ನಡುವೆ ಒಂದು ಉರಿಯುವ ಜಾಗ, ಅಂಚುಗಳಲ್ಲಿ ಕತ್ತಲೆ. ಮೇಲಕ್ಕೆ ಎತ್ತಿದರೆ ಹರಡುವಿಕೆ ಸಮನಾಗುತ್ತದೆ, ಆದರೆ ಒಂದಿಷ್ಟು ಬೆಳಕು ತೊಟ್ಟಿಯ ಹೊರಗೆ ಪೋಲಾಗುತ್ತದೆ. ಬಹುಪಾಲು ದೀಪಗಳಿಗೆ ನೀರಿನಿಂದ 20–30 ಸೆಂಟಿಮೀಟರ್ ಎತ್ತರ ಸರಿಹೋಗುತ್ತದೆ.

90 ಸೆಂಟಿಮೀಟರ್ ಉದ್ದದ ತೊಟ್ಟಿಗೆ ಒಂದು ಬಲವಾದ ದೀಪವೋ ಎರಡು ಸಣ್ಣವೋ? ನಾನಾದರೆ ಎರಡು. ಒಂದೇ ದೀಪವಿದ್ದರೆ ಹವಳದ ಮೇಲಿನ ಕೊಂಬೆ ಕೆಳಗಿನದಕ್ಕೆ ನೆರಳಾಗುತ್ತದೆ, ನೆರಳಿನ ಬದಿಯ ಮಾಂಸ ಸೊರಗುತ್ತದೆ. ಎರಡು ದಿಕ್ಕಿನಿಂದ ಬಂದ ಬೆಳಕು ಒಂದರ ನೆರಳನ್ನು ಇನ್ನೊಂದು ತುಂಬುತ್ತದೆ. ಎರಡನ್ನೂ ಅರ್ಧ ಬಲದಲ್ಲಿ ಓಡಿಸಬಹುದಾದ್ದರಿಂದ ಅವು ಬಿಸಿಯಾಗುವುದೂ ಕಡಿಮೆ.

ಹಗಲಿನ ಉದ್ದ

ದಿನಕ್ಕೆ ಎಂಟರಿಂದ ಹತ್ತು ಗಂಟೆ ಸಾಕು. ಹವಳ ಉಣ್ಣುವುದು ದಿನವಿಡೀ ಬಿದ್ದ ಒಟ್ಟು ಬೆಳಕನ್ನು, ಹಾಗಾಗಿ ಬಲಕ್ಕೂ ಹೊತ್ತಿಗೂ ಲೆಕ್ಕವಿದೆ. 200 ಪಾರ್ ಎಂಟು ಗಂಟೆ ಬಿದ್ದರೆ ಚದರ ಮೀಟರಿಗೆ ದಿನಕ್ಕೆ 5.76 ಮೋಲ್ (ಒಂದು ಮೋಲ್ ಎಂದರೆ ಹತ್ತು ಲಕ್ಷ ಮೈಕ್ರೋಮೋಲ್), 160 ಪಾರ್ ಹತ್ತು ಗಂಟೆ ಬಿದ್ದರೂ ಅಷ್ಟೇ. ಕಾಗದದ ಮೇಲೆ 1600 ಪಾರ್ ಒಂದೇ ಗಂಟೆ ಬಿದ್ದರೂ ಅಷ್ಟೇ ಆಗುತ್ತದೆ, ಆದರೆ ಅದು ಊಟವಲ್ಲ, ಸುಡುವುದು. ಪಾಚಿ ಒಂದು ಮಿತಿಯಾಚೆ ಬೆಳಕನ್ನು ಬಳಸಲಾರದು.

ಆ್ಯಪಿನಲ್ಲಿ ಬೆಳಗ್ಗೆ ಸೊನ್ನೆಯಿಂದ ಎರಡು ಗಂಟೆಯಲ್ಲಿ ಏರಿ, ಐದಾರು ಗಂಟೆ ನಿಂತು, ಸಂಜೆ ಎರಡು ಗಂಟೆಯಲ್ಲಿ ಇಳಿಯುವಂತೆ ಹೊಂದಿಸಿದರೆ ಮೀನುಗಳೂ ಬೆಚ್ಚುವುದಿಲ್ಲ. ಹೊತ್ತು ದಿನವೂ ಒಂದೇ ಇರಲಿ. ರಾತ್ರಿ ಕತ್ತಲೆ ಕತ್ತಲೆಯೇ ಆಗಿರಲಿ. ಎಷ್ಟೋ ಹವಳಗಳು ಕೈ ಚಾಚಿ ಬೇಟೆಗಿಳಿಯುವುದು ಆಗಲೇ. ಬೆಳದಿಂಗಳ ಮೋಡ್ ನೋಡಲು ಚಂದ, ಆದರೆ ಇರುಳಿಡೀ ಉರಿಸಬೇಕಾದ್ದೇನೂ ಇಲ್ಲ.

ನಿಧಾನವಾಗಿ ಏರಿಸುವುದು

ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದು, ಏಕೆಂದರೆ ಇಲ್ಲಿ ಬೇಕಾದದ್ದು ಉಪಕರಣವಲ್ಲ, ತಾಳ್ಮೆ. ಚಪ್ಪರದ ನೆರಳಲ್ಲಿ ಬೆಳೆದ ಸಸಿಯನ್ನು ಒಂದೇ ದಿನ ಬಯಲಿಗೆ ತಂದಿಟ್ಟರೆ ಎಲೆ ಸುಟ್ಟುಹೋಗುತ್ತದೆ. ಅದೇ ಸಸಿಯನ್ನು ದಿನದಿನಕ್ಕೆ ಬಿಸಿಲಿಗೆ ಒಗ್ಗಿಸಿದರೆ ಬಯಲಲ್ಲೇ ನಳನಳಿಸುತ್ತದೆ. ಹವಳವೂ ಬೆಳಕಿಗೆ ತಕ್ಕಂತೆ ತನ್ನೊಳಗಿನ ಪಾಚಿಯ ಸಂಖ್ಯೆಯನ್ನೂ ಪಾಚಿಯ ಬಣ್ಣದ್ರವ್ಯವನ್ನೂ ಬದಲಿಸಿಕೊಳ್ಳುತ್ತದೆ. ಅದಕ್ಕೆ ಬೇಕಾಗುವುದು ಗಂಟೆಗಳಲ್ಲ, ವಾರಗಳು.

ಸ್ಲೈಡರ್‌ನಲ್ಲಿ ಗುರಿ ಶೇ 60 ಎಂದಿಟ್ಟುಕೊಳ್ಳಿ. ಶೇ 30ರಿಂದ ಶುರುಮಾಡಿ, ವಾರಕ್ಕೆ ಐದರಂತೆ ಏರಿಸಿದರೆ ಆರು ವಾರಕ್ಕೆ ಮುಟ್ಟುತ್ತೀರಿ. ಹಲವು ಆ್ಯಪ್‌ಗಳಲ್ಲಿ ಇದನ್ನು ತಾನಾಗಿ ಮಾಡುವ ಸೌಲಭ್ಯವೂ ಇರುತ್ತದೆ. ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕುವವರಿಗೂ ಇದೇ ಮಾತು. ತೊಟ್ಟಿಯ ಬೆಳಕು ಆಗಲೇ ನೆಲೆಗೊಂಡಿದ್ದು ಹವಳ ಮಾತ್ರ ಹೊಸದಾದರೆ ದೀಪ ಮುಟ್ಟಬೇಡಿ. ಹವಳವನ್ನು ಮರಳಿನ ಮೇಲಿಟ್ಟು ವಾರಕ್ಕೊಂದು ಮೆಟ್ಟಿಲು ಮೇಲಕ್ಕೆ ಸರಿಸಿ. ದೀಪ ಏರಿಸುವುದು, ಹವಳ ಸರಿಸುವುದು ಎರಡನ್ನೂ ಒಂದೇ ವಾರ ಮಾಡಿದರೆ ತೊಂದರೆ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಇನ್ನೂ ಹವಳವೇ ಇಲ್ಲದ ಹೊಸ ತೊಟ್ಟಿಗೆ ಪೂರ್ತಿ ದೀಪ ಹಾಕಿಟ್ಟರೆ ಬೆಳೆಯುವುದು ಬೇಡದ ಪಾಚಿ ಮಾತ್ರ.

ಪಾರ್ ಮೀಟರ್ ಇದ್ದರೆ ಮರಳು, ನಡುಕಲ್ಲು, ನೆತ್ತಿ ಹೀಗೆ ಹತ್ತು ಹದಿನೈದು ಜಾಗಗಳಲ್ಲಿ ಅಳೆದು ಒಂದು ನಕ್ಷೆ ಬರೆದಿಡಿ. ಅದು ದುಬಾರಿ ಉಪಕರಣ, ಬೇಕಾಗುವುದು ವರ್ಷಕ್ಕೊಂದೆರಡು ಸಲ. ಯಾರಿಂದಲಾದರೂ ಎರಡು ದಿನ ಎರವಲು ತಂದರೆ ಸಾಕು. ಹಳೆಯ ಮಾದರಿಯ ಕೆಲವು ಮೀಟರುಗಳು ನೀಲಿಯನ್ನು ಕಡಿಮೆ ತೋರಿಸುತ್ತವೆ ಎಂಬುದು ನೆನಪಿರಲಿ. ಲಕ್ಸ್ ಮೀಟರ್ ಇಲ್ಲಿ ನಡೆಯುವುದಿಲ್ಲ, ಅದೂ ಮನುಷ್ಯನ ಕಣ್ಣಿನ ಲೆಕ್ಕದ್ದೇ.

ಮೀಟರ್ ಇಲ್ಲದವರಿಗೆ ಹವಳವೇ ಮೀಟರ್. ಕಂದು ಬಣ್ಣಕ್ಕೆ ತಿರುಗುತ್ತಿದ್ದರೆ, ಜೋಯಾಂಥಿಡ್‌ನ ಕಾಂಡ ಕತ್ತು ಚಾಚಿದಂತೆ ಉದ್ದವಾಗುತ್ತಿದ್ದರೆ ಬೆಳಕು ಸಾಲದು. ಸಿಕ್ಕಷ್ಟನ್ನು ಹಿಡಿಯಲು ಹವಳ ಹೆಚ್ಚು ಪಾಚಿ ಸಾಕಿಕೊಂಡಿದೆ. ದೀಪದತ್ತ ಮುಖಮಾಡಿದ ಮೇಲ್ಭಾಗ ಮಾತ್ರ ಪೇಲವವಾಗುತ್ತಿದ್ದರೆ, ಅಣಬೆ ಹವಳ ಅಂಚು ಸುರುಳಿ ಸುತ್ತಿ ಮುದುಡುತ್ತಿದ್ದರೆ ಬೆಳಕು ಅತಿಯಾಗಿದೆ. ಆಕ್ರೋಪೋರಾದ ಕೊಂಬೆಯ ತುದಿ ಬೆಳ್ಳಗಿರುವುದಕ್ಕೆ ಗಾಬರಿ ಬೇಡ, ಅದು ಹೊಸ ಚಿಗುರು. ಬುಡದಿಂದ ಮೇಲಕ್ಕೆ ಮಾಂಸವೇ ಕಳಚುತ್ತಿದ್ದರೆ ದೀಪವನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಿ. ಬಿಳಿಚಿದ ಹವಳ ಸತ್ತ ಹವಳವಲ್ಲ. ಮಾಂಸ ಉಳಿದಿರುವವರೆಗೆ ನೆರಳಿಗೆ ಸರಿಸಿ, ಸಣ್ಣ ಆಹಾರ ಕೊಟ್ಟು ಕಾಯಬಹುದು.

ಇನ್ನೊಂದು ಮಾತು. ಬೆಳಕು ಹೆಚ್ಚಿದರೆ ಗಟ್ಟಿ ಹವಳ ಅಸ್ಥಿ ಕಟ್ಟುವ ವೇಗವೂ ಹೆಚ್ಚುತ್ತದೆ, ಅದು ನೀರಿನಿಂದ ಎಳೆದುಕೊಳ್ಳುವ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯೂ ಹೆಚ್ಚುತ್ತದೆ. ದೀಪ ಏರಿಸಿದ ವಾರ ನೀರಿನ ಪರೀಕ್ಷೆ ತಪ್ಪಿಸಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದಿರುವ ತೀರಾ ಶುಚಿಯಾದ ನೀರಿನಲ್ಲಿ ಪ್ರಬಲ ಬೆಳಕು ಹವಳವನ್ನು ಇನ್ನಷ್ಟು ಬೇಗ ಪೇಲವಗೊಳಿಸುತ್ತದೆ.

ತಂತಿ, ಬಿಸಿ, ಉಪ್ಪು

ಉಪ್ಪುನೀರೂ ವಿದ್ಯುತ್ತೂ ಅಕ್ಕಪಕ್ಕ ಇರುವಲ್ಲಿ ಮೂರು ಎಚ್ಚರ ಸಾಕು. ದೀಪದ ತಂತಿ ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಬಾಗಿ ಮೇಲೇರಿ ಪ್ಲಗ್ ಸೇರಲಿ. ತಂತಿಗುಂಟ ಹರಿದ ನೀರು ಆ ಬಾಗಿನಲ್ಲಿ ತೊಟ್ಟಿಕ್ಕುತ್ತದೆ, ಪ್ಲಗ್ ಮುಟ್ಟುವುದಿಲ್ಲ. ತೊಟ್ಟಿಯ ವಿದ್ಯುತ್ತಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ ಇರಲಿ. ವಿದ್ಯುತ್ ಸೋರಿಕೆ ಕಂಡೊಡನೆ ಅದು ಸಂಪರ್ಕ ಕಡಿಯುತ್ತದೆ. ದೀಪ ತೂಗುವ ಕೊಕ್ಕೆ ದೀಪದ ಭಾರವನ್ನು ಧಾರಾಳವಾಗಿ ತಡೆಯುವಂಥದ್ದಾಗಿರಲಿ. ಕೆಲಸ ಮಾಡುವಾಗ ಉರಿಯುವ ನೀಲಿ-ನೇರಳೆ ಎಲ್‌ಇಡಿಗಳನ್ನು ನೇರವಾಗಿ ನೋಡಬೇಡಿ. ಮಂದವಾಗಿ ಕಾಣುವುದರಿಂದಲೇ ಅವುಗಳ ಬಲ ಕಣ್ಣಿಗೆ ಗೊತ್ತಾಗುವುದಿಲ್ಲ.

ಎಲ್‌ಇಡಿ ಬಿಸಿಯಾಗುವುದಿಲ್ಲ ಎಂಬ ಮಾತು ಅರ್ಧ ಸತ್ಯ. ಅದರ ಬಿಸಿ ಕೆಳಗೆ ನೀರಿಗೆ ಇಳಿಯುವ ಬದಲು ಬೆನ್ನಿನ ಲೋಹದ ರೆಕ್ಕೆಗಳ ಕಡೆಗೆ ಹೋಗುತ್ತದೆ. ಅಲ್ಲಿಂದ ಫ್ಯಾನ್ ಅದನ್ನು ಹೊರಹಾಕಬೇಕು, ಹಾಗಾಗಿ ದೀಪವನ್ನು ಮುಚ್ಚಿದ ಪೆಟ್ಟಿಗೆಯೊಳಗೆ ಕೂರಿಸಬಾರದು. ಟ್ಯೂಬ್‌ಲೈಟುಗಳನ್ನು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕಿತ್ತು. ಎಲ್‌ಇಡಿಗೆ 50,000 ಗಂಟೆ ಎಂದು ಬರೆದಿರುತ್ತಾರೆ, ಅಂದರೆ ದಿನಕ್ಕೆ ಹತ್ತು ಗಂಟೆಯಂತೆ ಹದಿಮೂರು ವರ್ಷಕ್ಕೂ ಹೆಚ್ಚು. ಅದಕ್ಕೆ ಮೊದಲೇ ಕೈಕೊಡುವುದು ಸಾಮಾನ್ಯವಾಗಿ ಫ್ಯಾನು ಅಥವಾ ಡ್ರೈವರ್, ಅಂದರೆ ಎಲ್‌ಇಡಿಗೆ ವಿದ್ಯುತ್ತನ್ನು ಹದಗೊಳಿಸಿ ಕೊಡುವ ಭಾಗ.

ನೀರಿನ ತುಂತುರು ದೀಪದ ಮುಂಗಾಜಿನ ಮೇಲೆ ಒಣಗಿ ಉಪ್ಪಿನ ಪೊರೆ ಕಟ್ಟುತ್ತದೆ, ಬೆಳಕು ದಿನದಿನಕ್ಕೆ ತಗ್ಗುತ್ತದೆ. ಅದು ಎಷ್ಟು ಮೆಲ್ಲಗೆ ತಗ್ಗುತ್ತದೆಂದರೆ ಹವಳ ಆ ಮಬ್ಬಿಗೇ ಒಗ್ಗಿಬಿಟ್ಟಿರುತ್ತದೆ, ನಾವೂ ಸಹ. ಎರಡು ವಾರಕ್ಕೊಮ್ಮೆ, ದೀಪ ಆರಿಸಿ ತಣಿದ ಮೇಲೆ, ಒದ್ದೆ ಬಟ್ಟೆಯಿಂದ ಒರೆಸಿ. ತಿಂಗಳುಗಟ್ಟಲೆ ಮರೆತು ಒಂದು ಭಾನುವಾರ ಥಳಥಳ ಹೊಳೆಯುವಂತೆ ಒರೆಸಿದಿರೋ, ಮರುದಿನ ಬೆಳಗ್ಗೆ ದೀಪ ಹತ್ತುವ ಮೊದಲು ಆ್ಯಪಿನಲ್ಲಿ ಎಲ್ಲ ಸ್ಲೈಡರ್‌ಗಳನ್ನೂ ಹತ್ತು ಅಂಕಿ ಕೆಳಗಿಳಿಸಿ.